ಶಾಲೆಯ ವಿಕಿಪೀಡಿಯ ಪುಟ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: ದಾವಣಗೆರೆಯ ಒಂದು ಅನುದಾನಿತ ಪ್ರೌಢಶಾಲೆಯ ಶಿಕ್ಷಕಿ

ನಮ್ಮ ಶಾಲೆಯ ಬಗ್ಗೆ ವಿಕಿಪೀಡಿಯದಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಪುಟ ಇದೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಮುಖ್ಯ ಶಿಕ್ಷಕರ ಹೆಸರಿನ ಜಾಗದಲ್ಲಿ ಮಕ್ಕಳು ಅವರಿಗೆ ಇಟ್ಟ ಅಡ್ಡಹೆಸರು ಇತ್ತು. ಕೆಳಗೆ ಹತ್ತನೇ ತರಗತಿಯ ಒಬ್ಬ ಹುಡುಗಿಯ ಹೆಸರು, ಪಕ್ಕದಲ್ಲೇ ಅವರ ಮನೆಯ ಮೊಬೈಲ್ ನಂಬರ್. ಶಾಲೆ ಶುರುವಾದ ವರ್ಷವೂ ಬದಲಾಗಿತ್ತು. ನಾನು ಅಳಿಸಿದೆ. ಮಾರನೇ ದಿನ ಮತ್ತೆ ಬಂತು. ಆಡಳಿತ ಮಂಡಳಿಯವರು "ಆ ಪುಟವನ್ನೇ ತೆಗೆಸಿಬಿಡಿ" ಅಂತಿದ್ದಾರೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲೋ ಕೂತು ಆ ಪುಟ ಓದುತ್ತಾರೆ. ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ.

ಚಿತ್ರದುರ್ಗದಿಂದ, ಹಲವು ವರ್ಷಗಳಿಂದ ವಿಕಿಪೀಡಿಯದಲ್ಲಿ ಬರೆಯುತ್ತಿರುವ ಒಬ್ಬರು

ಮೇಡಂ, ಉಳಿದದ್ದೆಲ್ಲ ಆಮೇಲೆ. ಮೊದಲು ಆ ಹುಡುಗಿಯ ನಂಬರ್.

ನೀವು ಪುಟದಿಂದ ಅಳಿಸಿದ ಮಾತ್ರಕ್ಕೆ ಅದು ಹೋಗಿಲ್ಲ. ವಿಕಿಪೀಡಿಯದಲ್ಲಿ ಪ್ರತಿಯೊಂದು ಹಳೆಯ ಆವೃತ್ತಿಯೂ ಉಳಿದಿರುತ್ತದೆ. ಪುಟದ ಮೇಲಿರುವ ಇತಿಹಾಸ ಅನ್ನುವ ಕೊಂಡಿ ಒತ್ತಿದರೆ ಯಾರು ಬೇಕಾದರೂ ಹಿಂದಿನದನ್ನು ತೆರೆದು ಓದಬಹುದು. ಆ ಆವೃತ್ತಿಗಳನ್ನೇ ಮರೆಮಾಡುವ ಅಧಿಕಾರ ನಿರ್ವಾಹಕರಿಗೆ, ಅಂದರೆ ವಿಕಿಪೀಡಿಯ ನೋಡಿಕೊಳ್ಳುವ ಹೆಚ್ಚಿನ ಅಧಿಕಾರದ ಸದಸ್ಯರಿಗೆ, ಇದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥದ್ದಕ್ಕೇ ಓವರ್‌ಸೈಟ್ ಅನ್ನುವ ತಂಡವಿದೆ, ಅವರಿಗೆ ಇಮೇಲ್ ಮಾಡಬೇಕು. ಕನ್ನಡದಲ್ಲಾದರೆ ಒಬ್ಬ ನಿರ್ವಾಹಕರ ಸದಸ್ಯ ಪುಟಕ್ಕೆ, ಅಂದರೆ ಅವರ ಖಾತೆಯ ಸ್ವಂತ ಪುಟಕ್ಕೆ ಹೋಗಿ, ಅಲ್ಲಿರುವ ಇಮೇಲ್ ಕೊಂಡಿಯಿಂದ ಬರೆಯಿರಿ. ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದವರು ಸೇರಿ ಮಾತಾಡುವ ಪುಟದಲ್ಲಿ, ಇದನ್ನು ಬರೆಯಬೇಡಿ. ಒಳ್ಳೇ ಮನಸ್ಸಿನಿಂದಲೇ ಬರೆದರೂ ಹತ್ತು ಜನ ಹೋಗಿ ಆ ನಂಬರ್ ನೋಡುತ್ತಾರೆ. ಪತ್ರದಲ್ಲಿ ಪುಟದ ಹೆಸರು, ಯಾವ ದಿನ, ಎಷ್ಟು ಗಂಟೆಯ ಬದಲಾವಣೆ ಅಂತ ಬರೆದರೆ ಸಾಕು. ನಂಬರ್ ಬರೆಯುವುದು ಬೇಡ. ಇದನ್ನು ಇವತ್ತೇ ಮಾಡಿ.

ಇನ್ನು ಅಳಿಸಿದರೂ ಮತ್ತೆ ಬಂದದ್ದರ ವಿಷಯ. ಹೆಚ್ಚಿನವರು ಕಣ್ಣಿಗೆ ಬಿದ್ದ ಕೆಟ್ಟ ಸಾಲು ಮಾತ್ರ ಅಳಿಸುತ್ತಾರೆ. ಅದರ ಹಿಂದೆ ಇನ್ನೂ ನಾಲ್ಕು ಬದಲಾವಣೆ ಆಗಿರುತ್ತದೆ, ಅದು ಕಾಣುವುದಿಲ್ಲ. ಇತಿಹಾಸ ತೆರೆದು ಕೆಳಗಿಂದ ಮೇಲಕ್ಕೆ ಓದಿ. ಕೊನೆಯ ಸರಿಯಾದ ಆವೃತ್ತಿ ಯಾವುದು ಅಂತ ಹುಡುಕಿ. ಅದರ ದಿನಾಂಕದ ಮೇಲೆ ಒತ್ತಿ ತೆರೆದು, ಸಂಪಾದಿಸಿ ಒತ್ತಿ, ಹಾಗೇ ಪ್ರಕಟಿಸಿ. ಪುಟ ಅಲ್ಲಿಗೆ ಮರಳುತ್ತದೆ. ಆದರೆ ಆಮೇಲೆ ಯಾರಾದರೂ ಒಳ್ಳೆಯದನ್ನು ಸೇರಿಸಿದ್ದರೆ ಅದೂ ಹೋಗಿರುತ್ತದೆ, ಅದನ್ನು ನೆನಪಿಟ್ಟು ವಾಪಸ್ ಹಾಕಬೇಕು. ಏನು ಮಾಡಿದಿರಿ ಅಂತ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ.

ವರ್ಷ ಬದಲಾಗಿದೆ ಅಂದಿರಲ್ಲ, ಅದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು. ಇತಿಹಾಸದ ಪಟ್ಟಿಯಲ್ಲಿ ಪ್ರತಿ ಬದಲಾವಣೆಯ ಪಕ್ಕ ಒಂದು ಸಂಖ್ಯೆ ಇರುತ್ತದೆ. ಪುಟ ಎಷ್ಟು ಬೈಟ್ (ಕಂಪ್ಯೂಟರ್ ಬರಹವನ್ನು ಅಳೆಯುವ ಅಳತೆ) ಬೆಳೆಯಿತು, ಎಷ್ಟು ಕುಗ್ಗಿತು ಅಂತ. ಬೆಳೆದರೆ ಹಸಿರು, ಕುಗ್ಗಿದರೆ ಕೆಂಪು. ಕನ್ನಡದಲ್ಲಿ ಒಂದು ಅಕ್ಷರ, ಒಂದು ಗುಣಿತದ ಚಿಹ್ನೆ, ತಲಾ 3 ಬೈಟ್ ತೆಗೆದುಕೊಳ್ಳುತ್ತದೆ. ಹಾಗಾಗಿ ಯಾರಾದರೂ ಒಂದು ಬೈಗುಳ ಬರೆದರೂ ಸಂಖ್ಯೆ ದೊಡ್ಡದಾಗಿ ಎದ್ದು ಕಾಣುತ್ತದೆ. ಆದರೆ 1954 ಅನ್ನು 1945 ಮಾಡಿದರೆ? ಅಲ್ಲಿ ಸೊನ್ನೆ ಅಂತ ಬರುತ್ತದೆ. ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ.

ನಾನು ಓದಿದ ಶಾಲೆಯ ಪುಟದಲ್ಲಿ ಆದದ್ದು ಇದೇ. ಯಾರೋ ಎರಡು ಅಂಕಿ ಅದಲುಬದಲು ಮಾಡಿದ್ದರು. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ, ನನಗೂ ಸಹ. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶ ಬಂತು. ಆಹ್ವಾನ ಪತ್ರಿಕೆ ಮಾಡಿದವರು ವರ್ಷವನ್ನು ಅಲ್ಲಿಂದಲೇ ತೆಗೆದುಕೊಂಡರು. ಫ್ಲೆಕ್ಸ್ ಆಯಿತು, ಸ್ಮರಣ ಸಂಚಿಕೆಯ ಮುಖಪುಟ ಆಯಿತು. ನಾನು ಹೋಗಿ ಪುಟ ತಿದ್ದಿದರೆ, ಇನ್ನೊಬ್ಬರು ಬಂದು "ಸ್ಮರಣ ಸಂಚಿಕೆಯಲ್ಲಿ 1945 ಅಂತ ಅಚ್ಚಾಗಿದೆ ನೋಡಿ" ಅಂತ ಅದನ್ನೇ ಆಧಾರವಾಗಿ ಕೊಟ್ಟರು! ತಪ್ಪು ಪುಟದಿಂದ ಪುಸ್ತಕಕ್ಕೆ ಹೋಗಿ, ಪುಸ್ತಕದಿಂದ ಪುಟಕ್ಕೆ ಬಂದು ಗಟ್ಟಿಯಾಗಿ ಕೂತಿತ್ತು. ಅದನ್ನು ಕೀಳಲು ನಾನು ಹಳೆಯ ಪತ್ರಿಕೆಯ ವರದಿ ಹುಡುಕಬೇಕಾಯಿತು. ಎಷ್ಟು ಸಂಜೆ ಹೋಯಿತೋ ಲೆಕ್ಕವಿಲ್ಲ. ಅವತ್ತಿನಿಂದ ನನ್ನ ಪದ್ಧತಿ ಒಂದೇ: ಆಧಾರ ಇಲ್ಲದ ಅಂಕಿಯನ್ನು ಪುಟದಲ್ಲಿ ಬಿಡುವುದಿಲ್ಲ. ಅಂಕಿಯ ಪಕ್ಕದಲ್ಲೇ ಆಧಾರ ಇದ್ದರೆ, ಊರು ಗೊತ್ತಿಲ್ಲದ ಯಾರೋ ಬಂದು ನೋಡಿದರೂ ಅದಲುಬದಲು ಹಿಡಿಯಬಹುದು. ಇಲ್ಲದಿದ್ದರೆ ಅವರಿಗೆ 1954 ಆದರೇನು, 1945 ಆದರೇನು.

ನೀವು ಅಲ್ಲೇ ಕೆಲಸ ಮಾಡುವವರು. ಅದನ್ನು ಮುಚ್ಚಿಡಬೇಡಿ. ನಿಮ್ಮ ಸದಸ್ಯ ಪುಟದಲ್ಲಿ "ನಾನು ಈ ಶಾಲೆಯ ಶಿಕ್ಷಕಿ" ಅಂತ ಬರೆಯಿರಿ. ಶಾಲೆಯ ಹೆಸರಿನಲ್ಲೇ ಖಾತೆ ತೆರೆದು ಎಲ್ಲ ಶಿಕ್ಷಕರೂ ಒಂದೇ ಪಾಸ್‌ವರ್ಡ್ ಬಳಸುವುದು ಬೇಡ. ಒಂದು ಖಾತೆ ಒಬ್ಬರಿಗೇ. ಬೈಗುಳ, ಅಡ್ಡಹೆಸರು ತೆಗೆಯಲು ನಿಮಗೆ ಯಾರೂ ಅಡ್ಡ ಬರುವುದಿಲ್ಲ. ಉಳಿದ ಬದಲಾವಣೆಗಳನ್ನು ಆ ಪುಟದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ಆಧಾರದ ಸಮೇತ ಬರೆದು, ಬೇರೆಯವರು ಹಾಕಲಿ ಅಂತ ಕೇಳಿ. ಆಡಳಿತ ಮಂಡಳಿಯವರಿಗೂ ಹೇಳಿ: ಆ ಪುಟ ಶಾಲೆಯದ್ದಲ್ಲ, ಶಾಲೆಯ ಬಗ್ಗೆ ಇರುವುದು. ತೆಗೆಸಿ ಅಂತ ಶಾಲೆ ಆಜ್ಞೆ ಮಾಡುವ ಹಾಗಿಲ್ಲ. ಬರೆಯಲು ಹೊರಗಿನ ಆಧಾರವೇ ಇಲ್ಲದಿದ್ದರೆ ಮಾತ್ರ ಅಳಿಸುವ ಚರ್ಚೆ ಬರುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2017ರಿಂದ ಪ್ರೌಢಶಾಲೆ ಅನ್ನುವ ಒಂದೇ ಕಾರಣಕ್ಕೆ ಪುಟ ಉಳಿಯುವುದಿಲ್ಲ.

ಹರಪನಹಳ್ಳಿಯವರೊಬ್ಬರು, ಈಗ ದಾವಣಗೆರೆಯಲ್ಲಿ ಇರುವವರು

ಒಂದು ಮಾತು ಸೇರಿಸುತ್ತೇನೆ. ತಪ್ಪೆಲ್ಲ ಕಿಡಿಗೇಡಿತನ ಅಲ್ಲ.

ನಮ್ಮೂರಿನ ಶಾಲೆಯ ಪುಟದಲ್ಲಿ ಒಬ್ಬರು ಜಿಲ್ಲೆ ದಾವಣಗೆರೆ ಅಂತ ಹಾಕುವುದು, ಇನ್ನೊಬ್ಬರು ಬಳ್ಳಾರಿ ಅಂತ ತಿದ್ದುವುದು, ಮತ್ತೊಬ್ಬರು ಬಂದು ವಿಜಯನಗರ ಅನ್ನುವುದು. ಒಬ್ಬರನ್ನೊಬ್ಬರು ಪುಟ ಕೆಡಿಸುವವರು ಅಂತ ಬೈದುಕೊಂಡರು. ನೋಡಿದರೆ ಮೂವರೂ ಸರಿ! ಹರಪನಹಳ್ಳಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು. 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. ಈಗ ವಿಜಯನಗರ. ಶಾಲೆ ಇದ್ದಲ್ಲೇ ಇದೆ, ಅದೇ ಬೇವಿನ ಮರದ ಕೆಳಗೆ. ಯಾರು ಯಾವ ಕಾಲದಲ್ಲಿ ಓದಿದರೋ ಅವರಿಗೆ ಅವರ ಅಂಕಪಟ್ಟಿಯಲ್ಲಿರುವ ಜಿಲ್ಲೆಯೇ ನಿಜ.

ದಾವಣಗೆರೆಯ ಶಾಲೆಗಳಿಗೂ ಇದೇ ಕಥೆ ಅಲ್ವಾ? 1997ರ ಆಗಸ್ಟ್ 15ಕ್ಕೆ ಮುಂಚೆ ಇದು ಚಿತ್ರದುರ್ಗ ಜಿಲ್ಲೆ. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗಕ್ಕೆ ಸೇರಿದ್ದವು. ರಾಜ್ಯದ ಹೆಸರು ಕರ್ನಾಟಕ ಆಗಿದ್ದು 1973ರ ನವೆಂಬರ್ 1ರಂದು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ದಾವಣಗೆರೆಗೆ ನಡುವೆ ಒಂದು ಎ ಇದೆಯೋ ಇಲ್ಲವೋ ಅನ್ನುವುದು ಇನ್ನೊಂದು ಜಗಳ, ಎರಡೂ ಬಳಕೆಯಲ್ಲಿವೆ.

ನಾವು ಕೊನೆಗೆ ಚರ್ಚೆ ಪುಟದಲ್ಲಿ ಕೂತು ಮಾತಾಡಿದೆವು. ಈಗಿನ ಜಿಲ್ಲೆಯನ್ನು ಮೊದಲ ಸಾಲಿನಲ್ಲಿ ಹಾಕಿ, ಹಿಂದಿನದನ್ನೆಲ್ಲ ಇಸವಿ ಸಮೇತ ಇತಿಹಾಸದ ಭಾಗದಲ್ಲಿ ಬರೆದೆವು. ಅವತ್ತಿಗೆ ಜಗಳ ನಿಂತಿತು. ತಿದ್ದಿದ್ದನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರಬೇಡಿ. ಇಂಗ್ಲಿಷ್‌ನಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ 3ಕ್ಕಿಂತ ಜಾಸ್ತಿ ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ನಿಮ್ಮನ್ನೇ ತಡೆಹಿಡಿಯುತ್ತಾರೆ. ಎದ್ದು ಕಾಣುವ ಕಿಡಿಗೇಡಿತನ ತೆಗೆಯುವುದಕ್ಕೆ ವಿನಾಯಿತಿ ಇದೆ.

ಹೊಳಲ್ಕೆರೆ ಕಡೆಯ ನಿವೃತ್ತ ಮುಖ್ಯ ಶಿಕ್ಷಕರು

ಆಧಾರ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಮೊದಲ ತಲೆನೋವು: ಶಾಲೆಗೆ ಒಂದೇ ಹುಟ್ಟಿದ ವರ್ಷ ಇರುವುದು ಅಪರೂಪ. ನಮ್ಮಲ್ಲಿ ಗೋಡೆಯ ಅಡಿಗಲ್ಲಿನಲ್ಲಿ ಒಂದು ವರ್ಷ, ದಾಖಲಾತಿ ಪುಸ್ತಕದ ಮೊದಲ ಪುಟದಲ್ಲಿ ಇನ್ನೊಂದು. ಆ ಪುಸ್ತಕದ ಹಾಳೆ ಹಪ್ಪಳದ ಹಾಗಿದೆ, ನೀಲಿ ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಕಟ್ಟಡ ಆಮೇಲೆ ಬಂದದ್ದು. ಪಾಠ ಮೊದಲು ಒಬ್ಬರ ಮನೆ ಜಗಲಿಯಲ್ಲಿ ಶುರುವಾಗಿತ್ತು. ಪ್ರಾಥಮಿಕ ಶಾಲೆ ಒಂದು ವರ್ಷ, ಪ್ರೌಢಶಾಲೆ ಇನ್ನೊಂದು, ಪಿಯುಸಿ ಮತ್ತೊಂದು. ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಯಿರಿ.

ದಾಖಲಾತಿ ಪುಸ್ತಕ ಎಷ್ಟೇ ನಿಜವಾದರೂ ಅಚ್ಚಾಗಿ ಹೊರಬಂದದ್ದಲ್ಲ, ವಿಕಿಪೀಡಿಯದಲ್ಲಿ ಆಧಾರವಾಗಿ ನಡೆಯುವುದಿಲ್ಲ. ನನಗೆ ಇದು ಬೇಸರ ತಂದಿತ್ತು. ಆದರೆ ಓದುವವರು ಅದನ್ನು ತೆರೆದು ನೋಡಲು ಆಗಬೇಕಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಚಿತ್ರದುರ್ಗ ಜಿಲ್ಲಾ ಗ್ಯಾಸೆಟಿಯರ್, ಅಂದರೆ ಸರ್ಕಾರ ಹೊರತಂದ ಜಿಲ್ಲೆಯ ಪರಿಚಯದ ಪುಸ್ತಕ, ಕೇಳಿ ನೋಡಿ. 1967ರಲ್ಲಿ ಬಂದದ್ದು, ಆಗಿನ ದಾವಣಗೆರೆ, ಹರಿಹರ, ಜಗಳೂರು ಎಲ್ಲ ಅದರಲ್ಲೇ. ಶಿಕ್ಷಣದ ಬಗ್ಗೆ ಒಂದು ಅಧ್ಯಾಯವೇ ಇದೆ. ಜನತಾವಾಣಿಯಂಥ ಊರಿನ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ವಾರ್ಷಿಕೋತ್ಸವದ ವರದಿ ಸಿಗಬಹುದು. ಸುವರ್ಣ ಮಹೋತ್ಸವದ ಸಂಚಿಕೆ ಇದ್ದರೆ ಇಸವಿಗೆ, ಕೊಠಡಿಗಳ ಲೆಕ್ಕಕ್ಕೆ ಬಳಸಿ. ಹೊಗಳಿಕೆಗೆ ಬೇಡ. "ಜಿಲ್ಲೆಯಲ್ಲೇ ಶ್ರೇಷ್ಠ ಶಾಲೆ" ಅಂತ ನಾವೇ ಬರೆದುಕೊಂಡರೆ ಅದೂ ಒಂದು ತಪ್ಪು ಮಾಹಿತಿಯೇ. ಶಾಲೆಯ ಪರಿಚಯ ಪತ್ರಿಕೆಯ ಸಾಲುಗಳನ್ನು ಹಾಗೇ ನಕಲು ಮಾಡಿ ಹಾಕಬೇಡಿ, ಹಕ್ಕುಸ್ವಾಮ್ಯದ ಕಾರಣಕ್ಕೆ ತೆಗೆದುಹಾಕುತ್ತಾರೆ. ಪರೀಕ್ಷಾ ಮಂಡಳಿಯ ಹೆಸರನ್ನೂ ಒಮ್ಮೆ ನೋಡಿ. ಈಗ ಎಸ್ಸೆಸ್ಸೆಲ್ಸಿ, ಪಿಯು ಎರಡಕ್ಕೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಎಷ್ಟೋ ಪುಟಗಳಲ್ಲಿ ಹಳೆಯ ಹೆಸರೇ ಇದೆ.

ಹೆಸರಾಂತ ಹಳೆಯ ವಿದ್ಯಾರ್ಥಿಗಳ ಪಟ್ಟಿಯೇ ಹುಡುಗರು ಮೊದಲು ಕೈ ಹಾಕುವ ಜಾಗ. ಇಲ್ಲಿ ಓದಿದರು ಅನ್ನುವುದಕ್ಕೆ ಅಚ್ಚಾದ ಆಧಾರ ಇಲ್ಲದ ಹೆಸರು ಒಂದೂ ಬೇಡ.

ದಾವಣಗೆರೆಯಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ

ಮೇಡಂ, ನಾನು ಒಂಬತ್ತನೇ ತರಗತಿಯಲ್ಲಿ ಇದೇ ಕೆಲಸ ಮಾಡಿದ್ದೆ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೂತು ನಮ್ಮ ಶಾಲೆಯ ಇಂಗ್ಲಿಷ್ ಪುಟದಲ್ಲಿ ಪ್ರಾಂಶುಪಾಲರ ಜಾಗಕ್ಕೆ ಗೆಳೆಯನ ಹೆಸರು ಹಾಕಿದೆ. ಪಕ್ಕದವನಿಗೆ ತೋರಿಸೋಣ ಅಂತ ಪುಟ ಮತ್ತೆ ತೆರೆದರೆ ಹೆಸರೇ ಇಲ್ಲ. ಇಂಗ್ಲಿಷ್‌ನಲ್ಲಿ ಕ್ಲೂಬಾಟ್ ಎನ್‌ಜಿ ಅನ್ನುವ ಬಾಟ್, ಅಂದರೆ ತಾನಾಗಿಯೇ ಓಡುವ ಪ್ರೋಗ್ರಾಂ, 2010ರಿಂದ ಈ ಕೆಲಸ ಮಾಡುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಕನ್ನಡದಲ್ಲಿ ಕಣ್ಣಿಡುವವರು ಕಡಿಮೆ, ಹಾಗಾಗಿ ಅಲ್ಲಿ ಕೆಟ್ಟದ್ದು ಜಾಸ್ತಿ ದಿನ ಉಳಿಯುತ್ತದೆ.

ನಾವು ಬಿಡದೆ ಮಾಡಿದೆವು. ಇಡೀ ಲ್ಯಾಬ್‌ನಿಂದ ಸಂಪಾದನೆಯೇ ಬಂದ್ ಆಯಿತು. ನಮ್ಮ ವಿಜ್ಞಾನದ ಮೇಷ್ಟ್ರು ಯಾರು ಮಾಡಿದ್ದು ಅಂತ ಕೇಳಲಿಲ್ಲ. ಇತಿಹಾಸದ ಪುಟ ತೆರೆದು ಎಲ್ಲರಿಗೂ ತೋರಿಸಿದರು. ದಿನಾಂಕ, ಗಂಟೆ, ನಿಮಿಷ, ಪ್ರತಿಯೊಂದೂ ಇತ್ತು. ನನಗೆ ಬೆವರು ಬಂತು. ಆಮೇಲೆ ನಮ್ಮ ಊರಿನ ಕೆರೆಯ ಬಗ್ಗೆ ಬರೆಯಿರಿ, ಆಧಾರ ತನ್ನಿ ಅಂದರು. ಆ ವರ್ಷದಿಂದ ಶಾಲೆಯ ಪುಟ ಕಾಯುವವರಲ್ಲಿ ನಾನೂ ಒಬ್ಬ. ನಿಮ್ಮ ಮಕ್ಕಳಿಗೂ ಬರೆಯಲು ಕೊಟ್ಟು ನೋಡಿ. ಒಂದು ವಿಷಯ: ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ 6 ಹೊಸ ಖಾತೆ ಮಾತ್ರ ತೆರೆಯಬಹುದು. ಏಳನೆಯವನಿಗೆ ಆಗುವುದಿಲ್ಲ. ಮೊದಲೇ ನಿರ್ವಾಹಕರಿಗೆ ತಿಳಿಸಿ ವಿನಾಯಿತಿ ಕೇಳಿ, ಇಲ್ಲಾಂದ್ರೆ ಖಾತೆಗಳನ್ನು ಮನೆಯಿಂದಲೇ ಮಾಡಿಕೊಂಡು ಬರಲಿ. ನಿಜವಾದ ಪೂರ್ತಿ ಹೆಸರು ಹಾಕುವುದು ಬೇಡ.

ಮತ್ತೆ ಚಿತ್ರದುರ್ಗದವರು

ಪುಟವನ್ನು ವೀಕ್ಷಣಾಪಟ್ಟಿಗೆ, ಅಂದರೆ ನೀವು ಕಣ್ಣಿಡುವ ಪುಟಗಳ ಪಟ್ಟಿಗೆ, ಹಾಕಲು ಮರೆಯಬೇಡಿ. ನಕ್ಷತ್ರದ ಗುರುತು ಒತ್ತಿದರೆ ಆಯಿತು. ಪ್ರಾಶಸ್ತ್ಯಗಳಲ್ಲಿ, ಅಂದರೆ ಖಾತೆಯ ಸೆಟ್ಟಿಂಗ್‌ನಲ್ಲಿ, ಇಮೇಲ್ ಸೂಚನೆ ಆನ್ ಮಾಡಿ. ಇಬ್ಬರು ಮೂವರು ಹಳೆಯ ವಿದ್ಯಾರ್ಥಿಗಳೂ ಹಾಕಿಕೊಳ್ಳಲಿ, ನೀವೊಬ್ಬರೇ ಎಷ್ಟು ಅಂತ ನೋಡುತ್ತೀರಿ. ಕಾಟ ನಿಲ್ಲದಿದ್ದರೆ ಸ್ವಲ್ಪ ದಿನ ಪುಟಕ್ಕೆ ಅರೆಸಂರಕ್ಷಣೆ ಕೇಳಬಹುದು. ಇಂಗ್ಲಿಷ್‌ನಲ್ಲಿ ಹಾಗೆ ಮಾಡಿದಾಗ 4 ದಿನ ಹಳೆಯದಾದ, 10 ಸಂಪಾದನೆ ಮಾಡಿದ ಖಾತೆಗಳಷ್ಟೇ ಮುಟ್ಟಲು ಆಗುತ್ತದೆ. ಒಂದೆರಡು ಸಲ ಆದದ್ದಕ್ಕೆ ಕೊಡುವುದಿಲ್ಲ. ಗೂಗಲ್‌ನಲ್ಲಿ ಇನ್ನೂ ಅಡ್ಡಹೆಸರೇ ಕಾಣುತ್ತಿದ್ದರೆ ಗಾಬರಿ ಬೇಡ, ಅಲ್ಲಿ ಬದಲಾಗಲು ಸ್ವಲ್ಪ ಹೊತ್ತು ಬೇಕು. ವಿಕಿಪೀಡಿಯದ ಜೊತೆಗಿರುವ ಮಾಹಿತಿ ಭಂಡಾರ ವಿಕಿಡೇಟಾದಲ್ಲೂ ಯಾರಾದರೂ ಕೈ ಹಾಕಿದ್ದಾರಾ ಅಂತ ಒಮ್ಮೆ ನೋಡಿ.

ಕೇಳಿದ ಶಿಕ್ಷಕಿ, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತೇ ರಾತ್ರಿ ಎರಡೂ ಕಡೆ ಇಮೇಲ್ ಮಾಡಿದೆ. ನಮ್ಮಲ್ಲೂ ಪ್ರಾಥಮಿಕ ಶಾಲೆಗೂ ಪ್ರೌಢಶಾಲೆಗೂ ಬೇರೆ ಬೇರೆ ವರ್ಷ ಅಂತ ಹಳೆಯ ಸಂಚಿಕೆಯಲ್ಲಿ ಸಿಕ್ಕಿತು. ಚರ್ಚೆ ಪುಟದಲ್ಲಿ ಹಾಕಿದ್ದೇನೆ, ಒಬ್ಬರು ನೋಡಿ ಸೇರಿಸಿದರು. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳು ಕುಂದುವಾಡ ಕೆರೆಯ ಬಗ್ಗೆ ಹುಡುಕುತ್ತಿದ್ದಾರೆ.

ನಂಬರ್ ಇದ್ದ ಆವೃತ್ತಿಗಳ ಮೇಲೆ ಈಗ ಗೆರೆ ಎಳೆದಿದೆ, ಒತ್ತಿದರೂ ತೆರೆಯುವುದಿಲ್ಲ. ಆ ಹುಡುಗಿಯ ತಾಯಿ ಶಾಲೆಗೆ ಬಂದಿದ್ದರು. ನನ್ನ ಫೋನ್ ಅವರ ಕೈಗೇ ಕೊಟ್ಟೆ. ಅವರು ಒಂದೊಂದೇ ಸಾಲು ಒತ್ತಿ ನೋಡಿದರು.