ಅಪ್‌ಡೇಟ್: ಮಗಳ ಸಂಜೆ ಕ್ಲಾಸ್‌ಗಳ ವಿಷಯ

ಡ್ರಾಯಿಂಗ್, ಈಜು, ಚೆಸ್ ಮೂರಕ್ಕೂ ಹೋಗಿ ಮಗಳು ಸುಸ್ತಾಗುತ್ತಿದ್ದಾಳೆ, ಯಾವುದನ್ನು ಬಿಡಿಸಲಿ ಅಂತ ಕೇಳಿದ್ದೆ. "ಅವಳನ್ನೇ ಕೇಳಿ" ಅಂದವರೇ ಜಾಸ್ತಿ. ಕೇಳಿದರೆ "ನೀನೇ ಹೇಳಮ್ಮ" ಅನ್ನುತ್ತಾಳೆ! ಹಾಗಾಗಿ ಸುಮ್ನೆ ಗಮನಿಸುತ್ತಾ ಹೋದೆ. ಈಜಿನ ದಿನ ಟವೆಲ್, ಗಾಗಲ್ಸ್ ಎಲ್ಲ ಮೊದಲೇ ಬಾಗಿಲ ಹತ್ತಿರ ರೆಡಿ. ಚೆಸ್ ದಿನ ಮಾತ್ರ ಎಷ್ಟು ಹುಡುಕಿದರೂ ಚಪ್ಪಲಿ ಸಿಗುವುದಿಲ್ಲ.

ಚೆಸ್ ಬಿಡಿಸಿದೆವು. ಅವಳಪ್ಪನಿಗೆ ಸ್ವಲ್ಪ ಬೇಜಾರು, ಆಸೆ ಅವರದೇ ಆಗಿತ್ತು ಅಲ್ವಾ. ಈಗ ಭಾನುವಾರ ಅಪ್ಪ ಮಗಳು ಮನೆಯಲ್ಲೇ ಆಡುತ್ತಾರೆ. ಗಡಿಯಾರ ಇಲ್ಲ, ರೇಟಿಂಗ್ ಇಲ್ಲ, ನಡೆ ವಾಪಸ್ ತಗೊಂಡರೂ ನಡೆಯುತ್ತದೆ. ಡ್ರಾಯಿಂಗ್ ಸದ್ಯಕ್ಕೆ ಇರಲಿ ಅಂತ ಅವಳೇ ಹೇಳಿದಳು. ಅರ್ಧ ಬಿಡಿಸಿದ ಆನೆ ಮುಗಿಸಬೇಕಂತೆ.

ಖಾಲಿಯಾದ ಸಂಜೆಗೆ ಬೇರೆ ಯಾವ ಕ್ಲಾಸೂ ಸೇರಿಸಿಲ್ಲ. ದಯವಿಟ್ಟು ಹೊಸದೇನೂ ಸೂಚಿಸಬೇಡಿ!