ಫಾರ್ಮಿನಲ್ಲಿ ‘ಏಷ್ಯನ್’ ಅಂದರೆ ಸಾಲದೆ? ಒಳಗೆ ಇಷ್ಟೊಂದು ಖಾನೆ ಯಾಕೆ?

ಬೇ ಏರಿಯಾ ಅಮ್ಮ:
ಮಗ ಈ ಸಲ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಅರ್ಜಿ ಹಾಕ್ತಿದಾನೆ. ‘ಏಷ್ಯನ್’ ಅಂತ ಒತ್ತಿದ ಕೂಡಲೇ ಕೆಳಗೆ ಉದ್ದನೆಯ ಪಟ್ಟಿ ಬಿಚ್ಕೊಳ್ತು. ಇಂಡಿಯನ್, ಪಾಕಿಸ್ತಾನಿ, ವಿಯೆಟ್ನಾಮೀಸ್, ಹ್ಮಾಂಗ್, ಇನ್ನೂ ಏನೇನೋ. “ಇಂಡಿಯನ್ ಅಂತ ಹಾಕಿದ್ರೆ ಸೀಟು ಸಿಗಲ್ಲಮ್ಮ, ಖಾಲಿ ಬಿಡೋಣ” ಅಂತಾನೆ. ಅತ್ತೆಯವರನ್ನ ಕ್ಲಿನಿಕ್ಕಿಗೆ ಕರ್ಕೊಂಡು ಹೋದಾಗ ಅಲ್ಲೂ ಇದೇ ಪ್ರಶ್ನೆ. “ಬಿಪಿ ನೋಡೋಕೆ ಬಂದ್ರೆ ಕುಲಗೋತ್ರ ಯಾಕೆ ಕೇಳ್ತಾರೆ?” ಅಂತ ಅವರು. ನನ್ನ ಹತ್ರ ಇಬ್ಬರಿಗೂ ಉತ್ತರ ಇಲ್ಲ. ತುಂಬೋದಾ, ಬಿಡೋದಾ?

ಕೋಡುಬಳೆ_99:
ಬಿಡಿ ಮೇಡಂ. ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕು ಅಂತೇನಿಲ್ಲ. ಇವತ್ತು ಲೆಕ್ಕ ಅಂತಾರೆ, ನಾಳೆ ಕೋಟಾ ಅಂತಾರೆ.

ಕೌಂಟಿ ಲೆಕ್ಕಿಗ:
ನಾನು ಇಲ್ಲೇ ಒಂದು ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಕೂತು ಈ ಖಾನೆಗಳನ್ನ ಎಣಿಸೋನು. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ನಿಮ್ಮ ಅತ್ತೆಯವರ ಪ್ರಶ್ನೆ. ಅಮೆರಿಕದಲ್ಲಿ ತೂಕ ಹೆಚ್ಚು ಅನ್ನೋದಕ್ಕೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ರ ಗೆರೆ. ಏಷ್ಯಾ ಮೂಲದವರಿಗೆ 23 ದಾಟಿದ್ರೇ ಸಕ್ಕರೆ ಪರೀಕ್ಷೆ ಮಾಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳ್ತಿದೆ. ಆದ್ರೆ ಆ ‘ಏಷ್ಯಾ’ ಒಳಗೂ ಎಲ್ಲರೂ ಒಂದೇ ಅಲ್ಲ. ಬೇ ಏರಿಯಾ ಮತ್ತು ಶಿಕಾಗೋದ ದಕ್ಷಿಣ ಏಷ್ಯನ್ನರನ್ನ ಇಟ್ಕೊಂಡು 2010ರಲ್ಲಿ ‘ಮಸಾಲಾ’ ಅನ್ನೋ ಅಧ್ಯಯನ ಶುರುವಾಯ್ತು (ಹೆಸರಿಟ್ಟವರು ನಮ್ಮವರೇ ಇರಬೇಕು). ಅವರ ಅಂಕಿಅಂಶವನ್ನ ಬೇರೆಯವರ ಜೊತೆ ಹೋಲಿಸಿ ನೋಡಿದಾಗ ಮಧುಮೇಹ ನಮ್ಮವರಲ್ಲಿ ಶೇ 23, ಚೀನೀ ಮೂಲದವರಲ್ಲಿ ಶೇ 13, ಬಿಳಿಯರಲ್ಲಿ ಶೇ 6. ಮೊದಲೆರಡನ್ನೂ ಒಂದೇ ‘ಏಷ್ಯನ್’ ಸಾಲಿಗೆ ಹಾಕಿದ್ರೆ ನಮ್ಮ ಕಾಯಿಲೆ ಅರ್ಧ ಮುಚ್ಚಿಹೋಗುತ್ತೆ. ಕೋವಿಡ್ ಸಮಯದಲ್ಲೂ ಹಾಗೇ ಆಯ್ತು. ದೇಶದ ನರ್ಸ್‌ಗಳಲ್ಲಿ ಫಿಲಿಪಿನೋಗಳು ಸುಮಾರು ಶೇ 4. 2020ರ ಸೆಪ್ಟೆಂಬರ್ ಹೊತ್ತಿಗೆ ಸತ್ತ ನರ್ಸ್‌ಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಅವರೇ. ಇದನ್ನ ಲೆಕ್ಕ ಹಾಕಿ ತೋರಿಸಿದ್ದು ನರ್ಸ್‌ಗಳ ಯೂನಿಯನ್.

ನನ್ನ ಕೆಲಸದಲ್ಲಿ ನಿಜವಾಗ್ಲೂ ತಲೆ ತಿನ್ನೋದು ಮರಣ ಪ್ರಮಾಣಪತ್ರ. ಅದರಲ್ಲಿ ಜನಾಂಗದ ಖಾನೆ ತುಂಬೋದು ವೈದ್ಯರಲ್ಲ, ಅಂತ್ಯಕ್ರಿಯೆ ನಡೆಸೋ ಸಂಸ್ಥೆಯವರು. ಮನೆಯವರನ್ನ ಕೇಳಿ ಬರೀಬೇಕು ಅಂತ ನಿಯಮ. ಆದ್ರೆ ಹೆಣ ಮುಂದಿಟ್ಕೊಂಡು ಅಳ್ತಿರೋರನ್ನ “ನೀವು ಯಾವ ಏಷ್ಯನ್” ಅಂತ ಕೇಳೋದು ಯಾರಿಗೂ ಸುಲಭ ಅಲ್ಲ. ಮುಖ ನೋಡಿಯೋ ಅಡ್ಡಹೆಸರು ನೋಡಿಯೋ ಬರೆದುಬಿಟ್ಟರೆ ಮುಗೀತು. ಸತ್ತವರ ಲೆಕ್ಕ ಅಲ್ಲಿಂದ, ಬದುಕಿರೋರ ಲೆಕ್ಕ ಸೆನ್ಸಸ್‌ನಿಂದ. ಎರಡರಲ್ಲೂ ಒಬ್ಬನೇ ಮನುಷ್ಯ ಒಂದೇ ಖಾನೆಗೆ ಬೀಳದೇ ಇದ್ರೆ ನಾವು ತೆಗೆಯೋ ಸಾವಿನ ಪ್ರಮಾಣ ಸುಳ್ಳಾಗುತ್ತೆ. ಬದುಕಿರುವಾಗ ಕ್ಲಿನಿಕ್ಕಿನಲ್ಲಿ ತಾವಾಗೇ ಹೇಳಿದ್ದು ನಮಗೆ ಚಿನ್ನ.

ಇನ್ನು ಮಗನ ಸೀಟು. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಜನರೇ ಮತ ಹಾಕಿ ತಂದ ಪ್ರೊಪೊಸಿಷನ್ 209 ಅನ್ನೋ ಕಾನೂನಿನ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯಗಳು ಜನಾಂಗ ನೋಡಿ ಆದ್ಯತೆ ಕೊಡೋ ಹಾಗಿಲ್ಲ. 2023ರಲ್ಲಿ ಹಾರ್ವರ್ಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ ದೇಶದ ಬೇರೆ ಕಡೆಯೂ ಆ ದಾರಿ ಮುಚ್ಚಿತು. ಪಟ್ಟಿ ಉದ್ದ ಆಗಿದ್ದು ವಿದ್ಯಾರ್ಥಿಗಳೇ ಜಗಳ ಆಡಿ ಕೇಳಿದ್ದಕ್ಕೆ. ‘ಕೌಂಟ್ ಮಿ ಇನ್’ ಚಳವಳಿಯ ನಂತರ 2007ರಲ್ಲಿ ಯುಸಿ (ನಿಮ್ಮ ಮಗ ಅರ್ಜಿ ಹಾಕ್ತಿರೋ ಅದೇ ವಿಶ್ವವಿದ್ಯಾಲಯ) 23 ಗುಂಪುಗಳನ್ನ ಬೇರೆ ಬೇರೆ ಎಣಿಸೋಕೆ ಒಪ್ಪಿತು. ಕಾರಣ ಸರಳ. ಪ್ಯೂ ಸಂಶೋಧನಾ ಕೇಂದ್ರದ 2019ರ ಲೆಕ್ಕದಲ್ಲಿ ಪದವಿ ಮುಗಿಸಿದ ವಯಸ್ಕರು ಭಾರತೀಯರಲ್ಲಿ ಶೇ 75, ಲಾವೋಸ್ ಮೂಲದವರಲ್ಲಿ ಶೇ 18, ಭೂತಾನಿಗಳಲ್ಲಿ ಶೇ 15. ಸರಾಸರಿ ಶೇ 54 ಅಂತ ಬರೆದು ‘ಏಷ್ಯನ್ನರು ಚೆನ್ನಾಗಿ ಓದ್ತಾರೆ’ ಅಂತ ಕಡತ ಮುಚ್ಚಿದ್ರೆ ಭೂತಾನಿ ಹುಡುಗ ಯಾರ ಕಣ್ಣಿಗೂ ಬೀಳಲ್ಲ. ನಮ್ಮ ಶೇ 75 ಅವನಿಗೆ ಅಡ್ಡ ನಿಂತಿದೆ.

ಕೋಡುಬಳೆ_99:
ಲೆಕ್ಕ ಎಲ್ಲ ಸರಿ ಸರ್. 1942ರಲ್ಲಿ ಜಪಾನಿ ಮೂಲದವರನ್ನ ಹುಡುಕಿ ಕ್ಯಾಂಪಿಗೆ ತಳ್ಳಿದ್ದು ಇಂಥ ಲೆಕ್ಕ ಇಟ್ಕೊಂಡೇ ಅಲ್ವಾ? ಸುಮಾರು 1,20,000 ಜನ!

ಕೌಂಟಿ ಲೆಕ್ಕಿಗ:
ಹೌದು, ಅದನ್ನ ತಳ್ಳಿಹಾಕೋಕೆ ಬರಲ್ಲ. 1940ರ ಸೆನ್ಸಸ್‌ನಿಂದ ಯಾವ ಬಡಾವಣೆಯಲ್ಲಿ ಎಷ್ಟು ಜಪಾನಿಯರು ಅನ್ನೋ ಕೋಷ್ಟಕ ಸೇನೆಗೆ ಹೋಗಿತ್ತು. ಯುದ್ಧದ ನೆಪದಲ್ಲಿ ಗೌಪ್ಯತೆಯ ಕಾನೂನನ್ನೇ ಸಡಿಲ ಮಾಡಿದ್ರು. 2016ರಲ್ಲಿ ಕಾಲೇಜು, ಆರೋಗ್ಯ ಇಲಾಖೆ ಎರಡೂ ಏಷ್ಯನ್ನರನ್ನ ಇನ್ನೂ ಬಿಡಿಸಿ ಎಣಿಸಬೇಕು ಅನ್ನೋ ಎಬಿ 1726 ಮಸೂದೆ ಕ್ಯಾಲಿಫೋರ್ನಿಯಾದಲ್ಲಿ ಬಂದಾಗ ಚೀನೀ ಮೂಲದವರಲ್ಲಿ ಹಲವರು ಬೀದಿಗಿಳಿದಿದ್ದಕ್ಕೂ ಇಂಥ ಭಯ ಒಂದು ಕಾರಣ. ಸೀಟಿನ ಭಯ ಇನ್ನೂ ದೊಡ್ಡದು. ಕೊನೆಗೆ ಕಾಲೇಜಿನ ಭಾಗ ಪೂರ್ತಿ ಕಿತ್ತುಹಾಕಿ, ಆರೋಗ್ಯ ಇಲಾಖೆಯ ಭಾಗ ಮಾತ್ರ ಉಳಿಸಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ್ರು. ನನ್ನ ಕೇಳಿದ್ರೆ ಅದು ನಷ್ಟ.

ಭಯಕ್ಕೆ ಮದ್ದು ಖಾನೆ ಅಳಿಸೋದಲ್ಲ, ಯಾರ ಕೈಗೆ ಏನು ಸಿಗುತ್ತೆ ಅನ್ನೋದನ್ನ ಬಿಗಿ ಮಾಡೋದು. ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರೋ ಸರ್ಕಾರಿ ಆರೋಗ್ಯ ವಿಮೆ) ಅಂಕಿಅಂಶದಲ್ಲಿ 1ರಿಂದ 10ರವರೆಗಿನ ಸಂಖ್ಯೆ ಬಂದ್ರೆ ಕೋಷ್ಟಕದಲ್ಲಿ ಆ ಸಂಖ್ಯೆಯನ್ನ ಮುಚ್ಚಿಯೇ ಪ್ರಕಟಿಸಬೇಕು. ಯಾರು ಅಂತ ಗುರುತು ಸಿಗಬಾರದಲ್ಲ. ಇದರದ್ದೇ ಒಂದು ಪೇಚಿದೆ: ಖಾನೆ ಹೆಚ್ಚಾದಷ್ಟೂ ಸಂಖ್ಯೆ ಸಣ್ಣದಾಗಿ, ಯಾರಿಗೋಸ್ಕರ ಖಾನೆ ಮಾಡಿದ್ವೋ ಅವರ ಸಾಲೇ ಮುಚ್ಚಿಹೋಗುತ್ತೆ. ಆಗ ಮೂರು ನಾಲ್ಕು ವರ್ಷದ್ದು ಒಟ್ಟು ಸೇರಿಸಿ ಕೊಡ್ತೀವಿ.

ಸುಮ್ನೆ ಓದೋನು:
ಊರಲ್ಲಿ ಜಾತಿಗಣತಿ ಅಂದ್ರೆ ಮೈಮೇಲೆ ಬರೋರೆಲ್ಲ ಇಲ್ಲಿ ಬಂದು ತಲೆ ಆಡಿಸ್ತಿದೀರಾ 😄

ಕೌಂಟಿ ಲೆಕ್ಕಿಗ:
ಅದಕ್ಕೆ ಬೇರೆ ಥ್ರೆಡ್ ತೆಗೀರಿ ಮಾರಾಯ್ರೆ, ಅಲ್ಲಿಗೂ ಬರ್ತೀನಿ.

ಬೇ ಏರಿಯಾ ಅಮ್ಮ:
ಥ್ಯಾಂಕ್ಸ್ ಸರ್. ಇನ್ನೊಂದೇ ಪ್ರಶ್ನೆ. ನನ್ನ ನಾದಿನಿಯ ಗಂಡ ಫಿಲಿಪಿನೋ. ಅವರ ಮಗಳು ಯಾವುದನ್ನ ಒತ್ತಬೇಕು?

ಕೌಂಟಿ ಲೆಕ್ಕಿಗ:
ಎರಡನ್ನೂ. ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು ಅಂತ ಕೇಂದ್ರ ಸರ್ಕಾರದ ನಿಯಮ 1997ರಲ್ಲೇ ಬಂದಿದೆ. ಅವಳನ್ನ ಯಾವ ಸಾಲಿಗೆ ಸೇರಿಸೋದು ಅನ್ನೋ ತಲೆನೋವು ನಮಗೆ ಬಿಡಿ.