ಸಹಾಯ ಬೇಕು: ಕ್ಯಾಮೆಲಿಯಾ ಮೊಗ್ಗು ಅರಳದೇ ಉದುರುತ್ತಿದೆ

ನನ್ನ ಕುಂಡದ ಕ್ಯಾಮೆಲಿಯಾ ಜಪೋನಿಕಾಗೆ ಈಗ 4 ವರ್ಷ. ಎಲೆ ಹಸಿರಾಗಿದೆ, ಮೊಗ್ಗೂ ರಾಶಿ ಬರುತ್ತವೆ, ಆದರೆ ಅರಳುವ ಹೊತ್ತಿಗೆ ಕಂದು ಬಣ್ಣವಾಗಿ ಒಂದೊಂದೇ ಉದುರಿ ಹೋಗುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಟೀ ಗಿಡದ ಬಳಗದ್ದೇ ಅಲ್ವಾ, ಹುಳಿ ಮಣ್ಣು ಬೇಕು ಅಂತ ಗೊತ್ತು, ಪಿಎಚ್ (ಮಣ್ಣಿನ ಹುಳಿಯ ಅಳತೆ) ನೋಡಿದೆ, 6 ಇದೆ, ಅಂದರೆ ಸ್ವಲ್ಪ ಹುಳಿಯೇ. ಬೇರು ಮೇಲ್ಮಟ್ಟದಲ್ಲೇ ಇರುವುದರಿಂದ ಬುಡಕ್ಕೆ ಒಣ ಎಲೆ ಹೊದಿಸಿದ್ದೇನೆ. ಬೇಸಿಗೆಯಲ್ಲಿ ಮೊಗ್ಗು ಕಟ್ಟುವಾಗ ಎರಡು ವಾರ ಸರಿಯಾಗಿ ನೀರು ಹಾಕಲು ಆಗಲಿಲ್ಲ, ಅದೇ ಕಾರಣ ಇರಬಹುದಾ? ಇಲ್ಲಾ ಚಳಿಗಾಲದಲ್ಲಿ ಹಿಮ ಹಿಡಿದ ಮೊಗ್ಗಿಗೆ ಬೆಳಗಿನ ಬಿಸಿಲು ನೇರ ಬೀಳುವುದರಿಂದಲಾ? ಸೆಕೆ ಜಾಸ್ತಿ ಇರುವ ಕಡೆಯವರು, ಚಳಿ ಕಡೆಯವರು, ಇಬ್ಬರೂ ದಯವಿಟ್ಟು ಹೇಳಿ. ಬಿಸಿಲು ತಡೆಯುವ ಸಸಾಂಕ್ವಾ ಅನ್ನೋ ಇನ್ನೊಂದು ಜಾತಿಯ ಕ್ಯಾಮೆಲಿಯಾ ಹಾಕಬಹುದು, ಆದರೆ ಈ ಗಿಡ ಬಿಡಲು ಮನಸ್ಸಿಲ್ಲ.